ಅರವತ್ತೆಂಟನೆಯ ಹಲ್ಲು

ನನ್ನ ಕಸುಬಿನ ಒಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹದಿನಾಲ್ಕು ವರ್ಷಗಳಿಂದ ರೋಣದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಯಂತ್ರ ವಿನ್ಯಾಸ ಕಲಿಸುತ್ತಿದ್ದೇನೆ. ಈ ಹದಿನಾಲ್ಕು ವರ್ಷಗಳಲ್ಲಿ ಒಂದೇ ಒಂದು ಯಂತ್ರವನ್ನೂ ವಿನ್ಯಾಸ ಮಾಡಿಲ್ಲ. ಯಂತ್ರ ಹಾಳಾಗಲಿ, ಒಂದು ಬೋಲ್ಟನ್ನೂ ಮಾಡಿಸಿಲ್ಲ. ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ನಾನು ಎತ್ತಿಸಿದ ಭಾರಗಳಿಗೆ, ತಿರುಗಿಸಿದ ಗಾಲಿಗಳಿಗೆ ಲೆಕ್ಕವಿಲ್ಲ. ಗಂಟೆ ಬಾರಿಸಿದ ಕೂಡಲೇ ಎಲ್ಲವನ್ನೂ ಒರೆಸಿ, ಕೈ ಕೊಡವಿಕೊಂಡು, ಗಜೇಂದ್ರಗಡದ ಬಸ್ಸು ಹಿಡಿಯುತ್ತೇನೆ. ಈಜು ಕಲಿಸುವವನಿಗೆ ಈಜು ಬರದಿದ್ದರೆ ಊರು ನಗುತ್ತದೆ. ನಮ್ಮಂಥವರನ್ನು ಮಾತ್ರ ಶಿಕ್ಷಕರ ದಿನಾಚರಣೆಗೆ ಕರೆದು ಶಾಲು ಹೊದಿಸುತ್ತಾರೆ.

ನನ್ನ ಈ ಧೈರ್ಯಕ್ಕೆಲ್ಲ ಕಾರಣ ಒಂದು ಪುಸ್ತಕ. ನಮ್ಮ ಕಸುಬಿನವರು ಅದನ್ನು ಡೇಟಾ ಹ್ಯಾಂಡ್‌ಬುಕ್ ಅನ್ನುತ್ತಾರೆ. ಯಾವ ಲೋಹ ಎಷ್ಟು ಎಳೆತ ತಾಳುತ್ತದೆ, ಎಷ್ಟು ದಪ್ಪದ ದಂಡಕ್ಕೆ ಎಂಥ ಕೀಲಿ ಬೇಕು, ಗಾಲಿಯ ಹಲ್ಲು ಎಷ್ಟು ಎತ್ತರ ಇರಬೇಕು, ಎಲ್ಲವೂ ಕೋಷ್ಟಕಗಳಲ್ಲಿ ಸಾಲಾಗಿ ಕೂತಿವೆ. ಅದರಲ್ಲಿ ಕಥೆಯೂ ಇಲ್ಲ, ಉಪದೇಶವೂ ಇಲ್ಲ. ಪರೀಕ್ಷೆಯಲ್ಲಿ ಇದನ್ನು ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದು. ಪುಸ್ತಕ ಎದುರಿಗಿದ್ದೂ ಅರ್ಧ ತರಗತಿ ಹೇಗೆ ಫೇಲಾಗುತ್ತದೆ ಎಂಬುದು ನನಗೆ ಈ ಘಟನೆ ನಡೆಯುವ ತನಕ ಅರ್ಥವಾಗಿರಲಿಲ್ಲ. ನಮ್ಮತ್ತೆ ಶಂಕ್ರವ್ವ ಅದಕ್ಕೆ ನನ್ನ ಹೆಸರು ಕೂಡಿಸಿ 'ಗಿರಿಜಾನ ಪಂಚಾಂಗ' ಎಂದು ಕರೆಯುತ್ತಾರೆ. ಬಂದವರು ಯಾರಾದರೂ ಅದನ್ನು ಮುಟ್ಟಿದರೆ, "ಅದನ್ನ ಅಲ್ಲೇ ಇಡ್ರಿ, ಅದರಾಗ ಕಬ್ಬಿಣದ ಮುಹೂರ್ತ ಅದಾವು" ಅನ್ನುತ್ತಾರೆ.

ಅತ್ತೆ ನೇಕಾರ್ತಿ. ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯಲ್ಲಿ ಅವರ ಕುಣಿಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಆ ಮಗ್ಗಕ್ಕೆ ತೀರಿಹೋದ ನಮ್ಮ ಮಾವ ಎಲ್ಲಿಂದಲೋ ತಂದು ಕೂಡಿಸಿದ ಬೀಡು ಕಬ್ಬಿಣದ ಒಂದು ಹಲ್ಲಿನ ಗಾಲಿ ಇತ್ತು. ಊಟದ ತಾಟಿಗಿಂತ ಸಣ್ಣದು, ಚಹಾದ ಬಸಿಗಿಂತ ದೊಡ್ಡದು. ಒಮ್ಮೆ ಲಾಳಿ ಓಡಿ ಒಂದು ಎಳೆ ಬಿತ್ತೆಂದರೆ, ಒಂದು ಕೊಕ್ಕೆ ಬಂದು ಆ ಗಾಲಿಯ ಒಂದು ಹಲ್ಲನ್ನು ಮುಂದಕ್ಕೆ ದೂಡುತ್ತದೆ. ಗಾಲಿ ಅಷ್ಟು ತಿರುಗಿದರೆ ನೇಯ್ದ ಬಟ್ಟೆ ಕೂದಲೆಳೆಯಷ್ಟು ಮುಂದೆ ಸರಿದು ಉರುಳೆಗೆ ಸುತ್ತಿಕೊಳ್ಳುತ್ತದೆ. ನಡುವೆ ಇನ್ನೆರಡು ಗಾಲಿಗಳಿವೆ. ಅವು ಗಟ್ಟಿಯಾಗಿವೆ, ಅವುಗಳ ಸುದ್ದಿ ನಮಗೆ ಬೇಡ.

ಒಂದು ಭಾನುವಾರ ಮುಂಜಾನೆ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಮಗ್ಗದ ಸದ್ದು ಒಮ್ಮೆಲೆ ನಿಂತಿತು. ಹೋಗಿ ನೋಡಿದರೆ ಅತ್ತೆ ಅಂಗೈ ಮೇಲೆ ಎರಡು ಕಬ್ಬಿಣದ ಚೂರು ಇಟ್ಟುಕೊಂಡು ಕೂತಿದ್ದಾರೆ, ಹಾಲುಹಲ್ಲು ಬಿದ್ದ ಮಗುವಿನ ತಾಯಿಯ ಹಾಗೆ.

"ಗಾಲಿ ಹಲ್ಲು ಉದರಿದುವು ನೋಡವಾ. ಒಂದು ಮೊದಲ ಮುರದಿತ್ತು. ಈಗ ಬಾಜೂಕಿನವೂ ಹೋದುವು. ಕೊಕ್ಕಿ ಸಂದ್ಯಾಗ ಸಿಕ್ಕೊಂಡೈತಿ."

ಮಗ್ಗದ ಮೇಲಿದ್ದದ್ದು ಬರೀ ಸೀರೆಯಲ್ಲ. ರಾಜೂರಿನ ನೀಲವ್ವ ಎಂಬಾಕೆ ತನ್ನ ಬಸುರಿ ಮಗಳ ಕುಬಸಕ್ಕೆಂದು, ಶಂಕ್ರವ್ವನ ಕೈಯ ಸೀರೆಯೇ ಬೇಕೆಂದು ಹೇಳಿಹೋಗಿದ್ದಳು. ಇನ್ನೊಂದು ಮೊಳ ನೇಯ್ದರೆ ಸೀರೆ ಮುಗಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರು ಕನ್ನಡಕದ ಅಂಗಡಿ ಇಟ್ಟಿರುವ ನಮ್ಮವರು ಗಾಲಿಯನ್ನು ನೋಡಿ, "ಇಂಥಾದ್ದು ಈಗ ಎಲ್ಲಿ ಸಿಗತೈತಿ? ಹುಬ್ಬಳ್ಳಿಯಾಗ ಕೇಳಿ ನೋಡೂಣು" ಅಂದರು.

ಆಗ ನನ್ನ ಬಾಯಿಂದ ಒಂದು ಮಾತು ಬಂತು. ನಾನೇ ಆಡಿದೆನೋ, ಹದಿನಾಲ್ಕು ವರ್ಷದ ಸಂಬಳ ಆಡಿಸಿತೋ ಗೊತ್ತಿಲ್ಲ. "ಹುಬ್ಬಳ್ಳಿ ಯಾಕ? ಮನ್ಯಾಗ ಮೆಕ್ಯಾನಿಕಲ್ ಇಂಜಿನಿಯರ್ ಇದ್ದೇನಿ. ಒಂದು ಗಾಲಿ ಮಾಡಸಾಕ ಬರಂಗಿಲ್ಲೇನು?"

ನಮ್ಮವರು ನನ್ನನ್ನು, ಬೇರೆಯವರ ಕನ್ನಡಕ ಹಾಕಿಕೊಂಡು 'ಎಲ್ಲಾ ಚಲೋ ಕಾಣತೈತ್ರಿ' ಅನ್ನುವ ಗಿರಾಕಿಯನ್ನು ನೋಡುವಂತೆ ನೋಡಿದರು. ಅತ್ತೆ ಮಾತ್ರ ಗಂಭೀರವಾಗಿ, "ಕುಬಸಕ್ಕ ಹದಿನೆಂಟು ದಿನ ಐತಿ ಗಿರಿಜಾ. ಮದುವಿ ಆದ್ರ ನಾಕ ದಿನ ಮುಂದ ಹಾಕಬಹುದು. ಬಸರು ಯಾರ ಮಾತೂ ಕೇಳಂಗಿಲ್ಲ" ಅಂದರು. "ಹನ್ನೆರಡು ದಿನದಾಗ ಗಾಲಿ ತಿರಗತೈತಿ, ನೋಡ್ರಿ ಬೇಕಾರ" ಎಂದು ನಾನು ಸೆರಗು ಸಿಗಿಸಿದೆ.

ಮೊದಲ ಕೆಲಸ, ಗಾಲಿಯನ್ನು ದಂಡದಿಂದ ಬಿಡಿಸುವುದು. ಅದು ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟೆ, ಎಳೆದೆ, ತಿರುವಿದೆ, ಅಲುಗಲಿಲ್ಲ. ಸಿಟ್ಟಿನಿಂದ ಒಂದು ಸುತ್ತಿಗೆ ತಗೊಂಡು ಬಡಿದೆ. ಗಾಲಿ ಬಂತು, ಆರು ತುಂಡಾಗಿ ಬಂತು. ಬೀಡು ಕಬ್ಬಿಣ ಒತ್ತಿದರೆ ತಾಳುತ್ತದೆ, ಬಡಿದರೆ ಒಡೆಯುತ್ತದೆ ಎಂಬುದು ನಾನು ಪ್ರತಿವರ್ಷ ಎರಡನೆಯ ಪಾಠದಲ್ಲಿ ಹೇಳುವ ಮಾತು. 'ಇದನ್ನು ಮರೆತವನು ಇಂಜಿನಿಯರೇ ಅಲ್ಲ' ಎಂದು ಕೆಳಗೆ ಗೆರೆ ಎಳೆಸುತ್ತೇನೆ. ಅತ್ತೆ ತುಂಡುಗಳನ್ನು ಮೊರದಲ್ಲಿ ಬಳಿದು ತಂದು ನನ್ನ ಮುಂದಿಟ್ಟು, "ಈಗ ಪಂಚಾಂಗ ತಗಿ" ಅಂದರು.

ತುಂಡುಗಳನ್ನು ಹಳೆಯ ಪೇಪರಿನ ಮೇಲೆ ಜೋಡಿಸಿದೆ. ಒಂದು ಚೂರು ಎಲ್ಲೋ ಹಾರಿಹೋಗಿ ಸಿಗಲೇ ಇಲ್ಲ. ಹಾಗಾಗಿ ಹಲ್ಲು ಎಷ್ಟಿದ್ದವು ಎಂದು ಎಣಿಸಲು ಬರಲಿಲ್ಲ. ಇರುವ ಹಲ್ಲುಗಳ ಅಂತರ ಅಳೆದು, ಗಾಲಿಯ ಸುತ್ತಳತೆಯನ್ನು ಅದರಿಂದ ಭಾಗಿಸಿದರೆ ಅರವತ್ತೇಳೂವರೆಯ ಆಸುಪಾಸು ಬರುತ್ತಿತ್ತು. ಹಲ್ಲು ಅರ್ಧ ಇರುವುದು ನಮ್ಮ ಸೋದರಮಾವನ ಬಾಯಲ್ಲಿ ಮಾತ್ರ. ಪುಸ್ತಕದ ಕೋಷ್ಟಕ ನೋಡಿದರೆ ಈ ಗಾಲಿಯ ಅಳತೆ ಯಾವ ಸಾಲಿಗೂ ಕೂಡುವುದಿಲ್ಲ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕೂತ ಬೆಕ್ಕಿನಂತೆ, ಒಂದು ಅಂಕಿಗೂ ಇನ್ನೊಂದಕ್ಕೂ ನಡುವೆ ಕೂತಿದೆ. ಮಿಲಿಮೀಟರ್ ಹುಟ್ಟುವ ಮುಂಚಿನ ಇಂಚಿನ ಸಂತಾನ ಅದು. ಮೂರು ಸಂಜೆ ಲೆಕ್ಕ ಮಾಡಿದೆ. ನಾಲ್ಕನೆಯ ಸಂಜೆ ಅತ್ತೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ, "ಏನ್ ಹುಡಕಾಕ ಹತ್ತೀ?" ಅಂದರು.

"ಹಲ್ಲು ಎಷ್ಟಿದ್ದುವು ಅಂತ, ಅತ್ತಿ."

"ಅರವತ್ತೆಂಟು."

"ಹ್ಯಾಂಗ ಹೇಳ್ತೀರಿ?"

"ಹ್ಯಾಂಗ ಅಂದ್ರ? ದಿನಾ ಎಣಸತೀನಲ್ಲ."

ಅವರು ಹೇಳಿದ್ದು ಇಷ್ಟು. ಒಂದು ಹಲ್ಲು ಮುರಿದು ಬಹಳ ವರ್ಷವಾಗಿತ್ತು. ಆ ಹಲ್ಲಿನ ಸರದಿ ಬಂದಾಗ ಕೊಕ್ಕೆ ಜಾರುತ್ತದೆ, ಬಟ್ಟೆ ಮುಂದೆ ಸರಿಯುವುದಿಲ್ಲ, ಎರಡು ಎಳೆ ಒಂದರ ಮೇಲೊಂದು ಬಿದ್ದು ದಪ್ಪ ಗೆರೆ ಮೂಡುತ್ತದೆ. ಅದಕ್ಕೆ ಅತ್ತೆ ಎಳೆ ಎಣಿಸಿಕೊಂಡು, ಅರವತ್ತೆಂಟಕ್ಕೆ ಸರಿಯಾಗಿ ಎಡಗೈ ಬೆರಳಿನಿಂದ ಗಾಲಿಯನ್ನು ಒಂದು ಹಲ್ಲಿನಷ್ಟು ದೂಡುತ್ತಿದ್ದರು. ಸೀರೆಯಲ್ಲಿ ಗೆರೆ ಬರುತ್ತಿರಲಿಲ್ಲ. ಗಿರಾಕಿಗೆ ಗೊತ್ತಿಲ್ಲ, ಮಗನಿಗೆ ಗೊತ್ತಿಲ್ಲ, ಅದೇ ಪಡಸಾಲೆಯಲ್ಲಿ ಕೂತು ದಿನವೂ ಗಾಲಿಗಳ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಸೊಸೆಗಂತೂ ಮೊದಲೇ ಗೊತ್ತಿಲ್ಲ. "ನಂಗ್ಯಾಕ ಹೇಳಲಿಲ್ರಿ?" ಅಂದರೆ, "ನೀ ಯಾವಾಗ ಕೇಳಿದಿ?" ಅಂದರು.

ಹಲ್ಲಿನ ಲೆಕ್ಕ ಸಿಕ್ಕಿತು. ಇನ್ನು ಬಲದ ಲೆಕ್ಕ. ಗಾಲಿಯನ್ನು ತಿರುಗಿಸಲು ಎಷ್ಟು ಬಲ ಬೇಕು ಎಂದು ಗೊತ್ತಾದರೆ ಮಾತ್ರ ಹಲ್ಲಿನ ದಪ್ಪ ಹೇಳಲು ಬರುತ್ತದೆ. ಅತ್ತೆಯ ಮಗ್ಗದ ಬಿಗುಪು ಯಾವ ಪುಸ್ತಕದಲ್ಲೂ ಇಲ್ಲ. ನಾನು ಬಿಡುವವಳಲ್ಲ. ಗಾಲಿ ಕೂಡುವ ದಂಡಕ್ಕೆ ಹಗ್ಗ ಸುತ್ತಿ, ಹಿತ್ತಾಳೆ ಕೊಡ ನೇತುಹಾಕಿ, ಲೋಟ ಲೋಟ ನೀರು ಹೊಯ್ಯುತ್ತ ಹೋದೆ. ಹನ್ನೊಂದನೆಯ ಲೋಟಕ್ಕೆ ದಂಡ ತಿರುಗಿತು. ಅಳತೆ ಸಿಕ್ಕಿತೆಂದು ನಾನು ಹಿಗ್ಗುವಷ್ಟರಲ್ಲಿ ಹಗ್ಗ ಪೂರ್ತಿ ಬಿಚ್ಚಿಕೊಂಡು ಕೊಡ ಕುಣಿಗೆ ಬಿತ್ತು. ಅತ್ತೆ ಬಂದು ಇಣುಕಿ, "ನೀರು ಬಿಟ್ಟೀಯಲ್ಲ, ಇನ್ನ ಕಬ್ಬು ಹಚ್ಚಿಬಿಡು" ಅಂದರು.

ಗಾಲಿಗೆ ಹಲ್ಲು ಕೊರೆಯುವ ಮಿಷಿನ್ ಇದ್ದದ್ದು ನರಗುಂದದ ಇಮಾಮಸಾಬರ ವರ್ಕ್‌ಶಾಪಿನಲ್ಲಿ. ಕಾಲೇಜಿಗೆ ರಜೆ ಹಾಕಿ, ನಕ್ಷೆ ಸುತ್ತಿಕೊಂಡು, ರೋಣದಲ್ಲಿ ಬಸ್ಸು ಬದಲಿಸಿ ಹೋದೆ. ಟ್ರ್ಯಾಕ್ಟರಿನ ಗೇರುಗಳ ನಡುವೆ ಕೂತಿದ್ದ ಆ ಹಿರಿಯರು ಕೈ ಒರೆಸಿಕೊಂಡು ನಕ್ಷೆ ಬಿಡಿಸಿದರು. ಒಮ್ಮೆ ನಕ್ಷೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಅಕ್ಕೋರ, ಇದು ಮಗ್ಗಕ್ಕ ಅಂದ್ರಿ?"

"ಹೌದ್ರಿ."

"ಅಲ್ಲ, ಇದರ ಮ್ಯಾಲ ಟ್ರ್ಯಾಕ್ಟರ್ ನಿಂದರಸೋದೇನರ ಐತೇನ್ರಿ?"

ತಪ್ಪು ನನ್ನದೇ. ಲೆಕ್ಕದಲ್ಲಿ ಬಂದ ದಪ್ಪವನ್ನು ಸುರಕ್ಷತೆಗೆಂದು ನಾಲ್ಕರಿಂದ ಗುಣಿಸಬೇಕು ಎಂದು ಪುಸ್ತಕ ಹೇಳುತ್ತದೆ. ಅದನ್ನು ಮಾಡಿದೆ. ಆಮೇಲೆ ಅಂಜಿಕೆಯಾಗಿ ಇನ್ನೊಮ್ಮೆ ಎರಡರಿಂದ ಗುಣಿಸಿದೆ. ಮೊದಲ ಬಾರಿಗೆ ಕಬ್ಬಿಣದಲ್ಲಿ ಏನನ್ನಾದರೂ ಮಾಡಿಸುವವರ ಅಂಜಿಕೆಗೆ ಯಾವ ಅಂಕಿಯೂ ಸಾಲುವುದಿಲ್ಲ. ಇಮಾಮಸಾಬರು ನಾನು ತಂದ ಮುರುಕು ತುಂಡನ್ನು ಅಂಗೈಯಲ್ಲಿಟ್ಟು ತೂಗಿ, "ಬೀಡು ಇದ್ದದ್ದ ಇಷ್ಟ ದಪ್ಪ ಇದ್ದು ಇಷ್ಟು ವರ್ಷ ಬಾಳೇತಿ. ನೀವು ಉಕ್ಕಿಂದು ಬರದೀರಿ. ಮತ್ತ ಯಾಕ ಅಂಜ್ತೀರಿ?" ಅಂದರು. ಅಲ್ಲೇ ಅವರ ಸ್ಟೂಲಿನ ಮೇಲೆ ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಮತ್ತೊಮ್ಮೆ ಲೆಕ್ಕ ಹಾಕಿ ಕಾಲುಭಾಗ ಮಾಡಿದೆ. ಅವರು ತಮ್ಮ ಚಹಾದಲ್ಲಿ ಅರ್ಧ ನನಗೆ ಕೊಟ್ಟರು. ಹದಿನಾಲ್ಕು ವರ್ಷದಲ್ಲಿ ನನ್ನ ಉತ್ತರವನ್ನು ಯಾರೋ ತಿದ್ದಿದ್ದು ಅದೇ ಮೊದಲು.

ನಾಲ್ಕು ದಿನಕ್ಕೆ ಗಾಲಿ ಬಂತು. ಅರವತ್ತೆಂಟು ಹಲ್ಲು, ಒಂದೊಂದೂ ಹೊಸ ನೇಗಿಲ ಮೊನೆಯ ಹಾಗೆ. ಮಗ್ಗಕ್ಕೆ ಕೂಡಿಸಿದರೆ ಬೆಣ್ಣೆಯಂತೆ ಕೂತಿತು. ಹನ್ನೆರಡು ದಿನ ಎಂದವಳು ಹತ್ತರಲ್ಲೇ ಮುಗಿಸಿದ್ದೆ. ಅತ್ತೆ ಗಾಲಿಗೆ ಅರಿಷಿಣ ಕುಂಕುಮ ಹಚ್ಚಿ ನೇಯಲು ಕೂತರು. ನಾನು ಬಾಗಿಲ ಚೌಕಟ್ಟಿಗೆ ಒರಗಿ, ಜಗತ್ತಿನ ಎಲ್ಲ ಯಂತ್ರಗಳ ತಾಯಿಯಂತೆ ನಿಂತೆ.

ಸಂಜೆಗೆ ನೋಡಿದರೆ ಸೀರೆಯಲ್ಲಿ ಗೆರೆ! ಸುಮಾರು ಒಂದಿಂಚಿಗೊಂದು, ಅಳತೆ ಹಿಡಿದು ಎಳೆದಂತೆ. ಅತ್ತೆ ಮುಂಜಾನೆಯಿಂದ ನೇಯ್ದದ್ದನ್ನೆಲ್ಲ ಎಳೆ ಎಳೆಯಾಗಿ ಬಿಚ್ಚತೊಡಗಿದರು. ಅವರು ಬೈದಿದ್ದರೆ ಚಲೋ ಇತ್ತು. ಆ ಬಿಚ್ಚುವ ಕೈ ನೋಡಲಾರದೆ ಒಳಗೆ ಹೋಗಿ ಪುಸ್ತಕ ತೆಗೆದೆ. ಮೊದಲಿನಿಂದ ಕೊನೆಯವರೆಗೆ ಲೆಕ್ಕ ತಾಳೆ ನೋಡಿದೆ, ತಪ್ಪಿರಲಿಲ್ಲ. ನನ್ನದು ತಪ್ಪಿಲ್ಲವೆಂದರೆ ಇಮಾಮಸಾಬರದು ಇರಲೇಬೇಕು ಎಂದು, ಇಂಜಿನಿಯರುಗಳಿಗೆ ಸಹಜವಾದ ತೀರ್ಮಾನಕ್ಕೆ ಬಂದು ಫೋನು ಮಾಡಿದೆ.

"ಒಂದು ಹಲ್ಲು ಹೆಚ್ಚು ಕಡಿಮಿ ಬಿದ್ದೈತಿ ಅನಸತೈತ್ರಿ."

ಅವರು ಆ ಕಡೆ ಮಿಷಿನ್ ಬಂದ್ ಮಾಡಿದರು. "ಅಕ್ಕೋರ, ಅದರಾಗ ಒಂದು ಹಲ್ಲು ತಪ್ಪಿದ್ರ ಬಂದು ನನ್ನ ಬಾಯಾಗಿನ ಹಲ್ಲು ಕೀಳ್ರಿ. ಉಳದಾವು ಹತ್ತ" ಎಂದು ಫೋನ್ ಇಟ್ಟರು.

ಪ್ರತಿ ಹಲ್ಲನ್ನೂ ಅಳೆದೆ. ಒಂದೂ ತಪ್ಪಿರಲಿಲ್ಲ. ನಮ್ಮವರು ಅಂಗಡಿಯಿಂದ ಭೂತಗನ್ನಡಿ ತಂದು, ಬಿಚ್ಚದೆ ಉಳಿದ ನಾಲ್ಕು ಬೆರಳು ಬಟ್ಟೆಯನ್ನು ನೋಡಿ, "ಇದು ದಪ್ಪ ಗೆರಿ ಅಲ್ಲ, ತೆಳು ಗೆರಿ. ಅಲ್ಲಿ ಎಳಿ ಬಿಟ್ಟುಹೋಗೇತಿ" ಅಂದರು. ಅಂದರೆ ಗಾಲಿ ನಿಲ್ಲುತ್ತಿಲ್ಲ, ಒಂದು ಹಲ್ಲು ಹೆಚ್ಚಿಗೆ ಓಡುತ್ತಿದೆ. ಕುಬಸಕ್ಕೆ ಇನ್ನು ಏಳು ದಿನ. ನಾನು ಮತ್ತೆ ರಜೆ ಹಾಕಿದೆ. ಗಾಲಿಯ ಒಂದು ಹಲ್ಲಿಗೆ ಸುಣ್ಣ ಹಚ್ಚಿ, ನೆಲದ ಮೇಲೆ ಕೂತು ಅದನ್ನೇ ನೋಡತೊಡಗಿದೆ. ದೋಷ ಗಾಲಿಯಲ್ಲಿದ್ದರೆ ಸುಣ್ಣದ ಹಲ್ಲು ಅದೇ ಜಾಗಕ್ಕೆ ಬಂದಾಗಲೇ ಪ್ರತಿ ಸಲ ಗೆರೆ ಬೀಳಬೇಕು. ಮುಂಜಾನೆ ಹೆಚ್ಚುಕಡಿಮೆ ಹಾಗೇ ಬಿತ್ತು. ಅತ್ತೆ ಎದ್ದು ಚಹಾ ಕುಡಿದು ಬಂದು ಕೂತ ಮೇಲೆ, ಗೆರೆ ಎಲ್ಲೋ ದೂರದ ಬೇರೆ ಹಲ್ಲಿನ ಹತ್ತಿರ ಬೀಳತೊಡಗಿತು.

ಚಹಾ ಕುಡಿದದ್ದು ಅತ್ತೆ, ಗಾಲಿಯಲ್ಲ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲು ಅರ್ಧ ತಾಸು ಹಿಡಿಯಿತು. ಗಾಲಿ ಬಿಟ್ಟು ಅತ್ತೆಯ ಕೈ ನೋಡತೊಡಗಿದೆ. ಲಾಳಿ ಓಡುತ್ತಿದೆ, ಹಣಿಗೆ ಬಡಿಯುತ್ತಿದೆ, ಅತ್ತೆ ನನ್ನ ಜೊತೆ ಪಕ್ಕದ ಮನೆಯವರ ಎಮ್ಮೆಯ ಸುದ್ದಿ ಹೇಳುತ್ತಿದ್ದಾರೆ. ಹೇಳುತ್ತ ಹೇಳುತ್ತಲೇ ಎಡಗೈ ಬೆರಳು ಹಾವಿನ ನಾಲಗೆಯಂತೆ ಹೊರಬಂದು ಗಾಲಿಯನ್ನು ಒಂದು ಹಲ್ಲು ದೂಡಿ ಒಳಗೆ ಹೋಯಿತು.

"ಅತ್ತೀ, ಬೆರಳು!"

"ಯಾವ ಬೆರಳು?"

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಲ್ಲು ಬಂದಿತ್ತು, ಬೆರಳಿಗೆ ಸುದ್ದಿ ಮುಟ್ಟಿರಲಿಲ್ಲ. ಅದು ಈಗಲೂ ಅರವತ್ತೆಂಟು ಎಣಿಸುತ್ತಿತ್ತು, ಚಹಾ ಕುಡಿದು ಬಂದ ಮೇಲೆ ಮತ್ತೆ ಒಂದರಿಂದ. ನಾನು ತೋರಿಸಿದ ಮೇಲೆ ಅತ್ತೆ ತಮ್ಮ ಬೆರಳನ್ನು, ಕಳ್ಳತನ ಮಾಡಿ ಸಿಕ್ಕ ಮನೆಮಗನನ್ನು ನೋಡುವಂತೆ ಬಹಳ ಹೊತ್ತು ನೋಡಿದರು. ಆಮೇಲೆ ಗಟ್ಟಿ ಮನಸ್ಸು ಮಾಡಿ ನೇಯ್ದರು. ಎಣಿಸುವುದಿಲ್ಲವೆಂದು ಬಾಯಲ್ಲಿ ಶಿವನಾಮ ಹಿಡಿದರು. ಕಾಲು ಎಣಿಸಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡರು. ಪಕ್ಕದ ಬೆರಳು ಆ ಕೆಲಸ ವಹಿಸಿಕೊಂಡಿತು. ಸಂಜೆಗೆ ಅವರ ಕಣ್ಣಲ್ಲಿ ನೀರು. "ಗಾಲಿ ಚಲೋ ಆತು ಗಿರಿಜಾ, ನಾನ ಕೆಟ್ಟೇನಿ" ಅಂದರು.

ಆ ಮಾತು ನನಗೆ ಚುಚ್ಚಿತು. ಮುರುಕು ಗಾಲಿಯನ್ನು ಇಷ್ಟು ವರ್ಷ ಬದುಕಿಸಿದ ಬೆರಳು ಕೆಟ್ಟದ್ದು ಹೇಗಾಗುತ್ತದೆ? ಮತ್ತೆ ಪುಸ್ತಕ ತೆರೆದೆ. ಯಂತ್ರದ ಹಲ್ಲಿಗೆ ಮನುಷ್ಯನ ಬೆರಳು ಸಿಗದಂತೆ ಕವಚ ಇರಬೇಕು ಎಂದು ಒಂದು ಪುಟದಲ್ಲಿತ್ತು. ಮನುಷ್ಯನ ಬೆರಳಿಗೆ ಯಂತ್ರದ ಹಲ್ಲು ಸಿಗದಂತೆ ಏನು ಮಾಡಬೇಕು ಎಂದು ಎಲ್ಲೂ ಇರಲಿಲ್ಲ. ಪುಸ್ತಕ ಮುಚ್ಚಿ, ಎಣ್ಣೆಯ ಖಾಲಿ ಡಬ್ಬಿ ಕತ್ತರಿಸಿ, ಅಂಚು ಮಡಚಿ, ಗಾಲಿಯ ಮೇಲೆ ಒಂದು ತಗಡಿನ ಮುಚ್ಚಳ ಕೂಡಿಸಿದೆ. ನನ್ನ ಇಡೀ ಜೀವನದಲ್ಲಿ ಯಾವ ಕೋಷ್ಟಕವನ್ನೂ ನೋಡದೆ ನಾನೇ ವಿನ್ಯಾಸ ಮಾಡಿದ ವಸ್ತು ಅದೊಂದೇ. ಮರುದಿನ ಅತ್ತೆ ನೇಯಲು ಕೂತರು. ಅರವತ್ತೆಂಟಕ್ಕೆ ಬೆರಳು ಹೊರಬಂತು, ತಗಡಿಗೆ ತಾಗಿ 'ಟಣ್' ಎಂದಿತು, ಒಳಗೆ ಹೋಯಿತು. ಗೆರೆ ಬೀಳಲಿಲ್ಲ. ಮತ್ತೆ ಟಣ್. ಗೆರೆ ಇಲ್ಲ. ಅತ್ತೆ ನಕ್ಕರು, ಹನ್ನೆರಡು ದಿನದಲ್ಲಿ ಮೊದಲ ಸಲ. ನಾನು ಇಮಾಮಸಾಬರಿಗೆ ಫೋನ್ ಮಾಡಿ, ತಪ್ಪಾಯಿತು ಎಂದು ಎಲ್ಲಾ ಕಥೆ ಹೇಳಿದೆ. ಅವರು ಅಷ್ಟೂ ಕೇಳಿ, "ನನ್ನ ಹತ್ತೂ ಹಲ್ಲು ಉಳದುವು ಬಿಡ್ರಿ" ಅಂದರು.

ಇಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಸೀರೆ ಕೊನೆಯ ಗೇಣಿಗೆ ಬಂದಾಗ, ಮಗ್ಗದ ಪಕ್ಕ ನಿಂತು, "ಇನ್ನ ಈ ಮಗ್ಗದ ಮ್ಯಾಲ ಯಾರು ಕುಂತ್ರೂ ಸೀರಿ ಬರತೈತಿ ಅತ್ತಿ, ಅಂಥಾ ಗಾಲಿ ಅದು" ಅಂದೆ. ಅತ್ತೆ ಕೂಡಲೇ ಕುಣಿಯಿಂದ ಕಾಲು ಮೇಲೆತ್ತಿದರು. "ಹಂಗಾರ ಬಾ, ಕುಂದ್ರು. ಇದು ಸೊಂಟದಾಗ ಒಳಗ ಸಿಗಸೋ ತುದಿ, ಯಾರಿಗೂ ಕಾಣಂಗಿಲ್ಲ."

ಕೂತೆ. ಕಾಲು ತುಳಿದರೆ ಕೈ ಮರೆಯುತ್ತದೆ, ಕೈ ನೆನಪಾದರೆ ಕಾಲು ತಪ್ಪುತ್ತದೆ. ಲಾಳಿ ಮೂರು ಸಲ ಹಾರಿ ಅಡಿಗೆಮನೆಯ ಹೊಸ್ತಿಲಿಗೆ ಹೋಯಿತು. ಏಳಲಿಲ್ಲ. ಮರುದಿನ ಬಸ್ಸಿಳಿದು ಬಂದು ಮತ್ತೆ ಕೂತೆ, ಅದರ ಮರುದಿನವೂ ಕೂತೆ. ಮೂರು ಸಂಜೆಗೆ ಒಂದು ಗೇಣು ಆಯಿತು. ನಮ್ಮವರು ಭೂತಗನ್ನಡಿ ಹಿಡಿದು ನೋಡಿ, "ಗೆರಿ ಒಂದೂ ಇಲ್ಲ. ಉಳದದ್ದೆಲ್ಲಾ ಐತಿ" ಅಂದರು. ಬಿಚ್ಚಿಬಿಡೋಣ ಎಂದರೆ ಅತ್ತೆ ಒಪ್ಪಲಿಲ್ಲ. "ಇರಲಿ ಬಿಡು. ನಾನೂ ಮದಲ ಹಿಂಗ ನೇಯ್ದಿದ್ದೆ."

ಕುಬಸಕ್ಕೆ ಎರಡು ದಿನ ಇರುವಾಗ ನೀಲವ್ವ ಸೀರೆ ಒಯ್ಯಲು ಬಂದಳು. ಅವಳು ನನ್ನನ್ನು ಹಿಂದೆ ನೋಡಿರಲಿಲ್ಲ. ನಾನು ಚಹಾ ತರುವಷ್ಟರಲ್ಲಿ ಸೀರೆ ಬಿಚ್ಚಿ ಹಾಸಿ, ಸೆರಗು ಸವರಿ, ಒಡಲು ಸವರಿ, "ಎಷ್ಟು ಛಂದ ಆಗೇತಿ ಶಂಕ್ರಕ್ಕಾ, ಒಂದು ಎಳಿ ಆಚೀಚಿ ಇಲ್ಲ" ಅನ್ನುತ್ತಿದ್ದಳು. ಗಾಲಿಯ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ನಾನು ಮನಸ್ಸಿನಲ್ಲೇ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳ ಕೈ ಕೊನೆಯ ಗೇಣಿಗೆ ಬಂದು ನಿಂತಿತು.

"ಇದೇನಕ್ಕಾ, ಇಲ್ಲಿ ಅಂಚು ಹಿಂಗ ಹಾವಾಡೇತಿ?"

ಅತ್ತೆ ಒಂದು ಕ್ಷಣವೂ ತಡೆಯಲಿಲ್ಲ. "ಅದಾ? ನಮ್ಮನಿ ಕೂಸು ಕಲಿಯಾಕ ಹತ್ತೇತ್ರಿ. ಹಟಾ ಮಾಡಿ ಕುಂತಿತ್ತು, ಬ್ಯಾಡ ಅನ್ನಾಕ ಆಗಲಿಲ್ಲ."

ನೀಲವ್ವನ ಮುಖ ಅರಳಿತು. ಆ ಗೇಣನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. "ಕೂಸಿನ ಕೈ ಹತ್ತಿದ ಸೀರಿ! ಬಸುರಿಗಿ ಇದಕ್ಕಿಂತ ಚಲೋದು ಏನೈತಿ? ಗಂಡೋ ಹೆಣ್ಣೋ?"

"ಹೆಣ್ಣು."

"ಸಾಲಿಗಿ ಹೊಕ್ಕೈತೇನು?"

"ದಿನಾ. ರೋಣದ ಬಸ್ಸಿಗಿ."

"ಜಾಣ ಐತೇನು?"

ಅತ್ತೆ ನನ್ನ ಕಡೆ ನೋಡಲೇ ಇಲ್ಲ. ನಾನು ಹಿಡಿದಿದ್ದ ತಟ್ಟೆಯಿಂದ ಒಂದು ಕಪ್ಪು ತೆಗೆದು ಅವಳಿಗೆ ಕೊಡುತ್ತ, "ಕೂಸು ಐತಲ್ರಿ ಇನ್ನಾ. ಬಿಡಂಗಿಲ್ಲ, ಕಲೀತೈತಿ" ಅಂದರು.

ನಲವತ್ತೆರಡು ವರ್ಷದ ಕೂಸು ಸಕ್ಕರೆ ಸಾಕೇ ಎಂದು ಕೇಳಿ, ಒಳಗೆ ಹೋಯಿತು.